ಹರಕೆ ಹೊತ್ತವರು ಕಾಣದೆ ಹೋದ ದೇವಾಲಯ: ವೆನಿಸಿನ ಆರೋಗ್ಯ ಮಾತೆ ಮತ್ತು ಶಿಲ್ಪಿ ಲೊಂಗೇನಾ



ಹರಕೆ ಎಂಬ ಮಾತು ನಮ್ಮ ಕರಾವಳಿಯ ಕ್ರೈಸ್ತರಿಗೆ ಹೊಸತಲ್ಲ. ಕೊಂಕಣಿ ಮಾತನಾಡುವ ಮನೆಗಳಲ್ಲಿ ಇದನ್ನು ‘ಆಂಗವ್ಣ್’ ಎನ್ನುತ್ತೇವೆ. ಮಗುವಿಗೆ ಜ್ವರ ಬಿಡದಿದ್ದಾಗ ಅಮ್ಮ ಹರಕೆ ಹೊರುತ್ತಾಳೆ. ಮಗ ಗಲ್ಫಿಗೆ ಹೋಗುವಾಗ ಅಪ್ಪ ಹರಕೆ ಹೊರುತ್ತಾನೆ. ಕಾರ್ಯ ಕೈಗೂಡಿದ ಮೇಲೆ ಮೊಂಬತ್ತಿ, ಕಾಣಿಕೆ, ಒಂದು ಬಲಿಪೂಜೆ ಸಲ್ಲಿಸಿ ಹರಕೆ ತೀರಿತು ಎಂದು ನೆಮ್ಮದಿಯಿಂದ ಮನೆಗೆ ಮರಳುತ್ತೇವೆ. ಹರಕೆ ಹೊತ್ತವರೇ ಅದನ್ನು ತೀರಿಸಬೇಕು, ಬೇಡಿದ್ದು ಸಿಕ್ಕಿದ ಮೇಲೆ ತೀರಿಸಬೇಕು ಎಂಬುದು ನಮ್ಮೆಲ್ಲರ ಮನಸ್ಸಿನಲ್ಲಿ ಬೇರೂರಿದ ಲೆಕ್ಕ.

ಈ ಲೆಕ್ಕಕ್ಕೆ ಸಿಗದ ಒಂದು ಹರಕೆಯ ಕಥೆಯನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇವೆ. ಇಟಲಿಯ ವೆನಿಸ್ ನಗರದಲ್ಲಿ, ನೀರಿನ ಅಂಚಿನಲ್ಲಿ, ‘ಸಾಂತಾ ಮರಿಯಾ ದೆಲ್ಲಾ ಸಲೂತೆ’ ಎಂಬ ಭವ್ಯ ದೇವಾಲಯವಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಆರೋಗ್ಯ ಮಾತೆಯ ಪುಣ್ಯಕ್ಷೇತ್ರ. ಪ್ಲೇಗಿನ ಕಾಲದಲ್ಲಿ ಹೊತ್ತ ಹರಕೆಯಿಂದ ಅದು ಹುಟ್ಟಿತು. ಹರಕೆ ಹೊತ್ತ ಅರಸ ಅದನ್ನು ನೋಡಲಿಲ್ಲ. ಜೊತೆಗೆ ನಿಂತ ಧರ್ಮಾಧ್ಯಕ್ಷರೂ ನೋಡಲಿಲ್ಲ. ಐವತ್ತು ವರ್ಷ ದುಡಿದು ಅದನ್ನು ಕಟ್ಟಿದ ಶಿಲ್ಪಿಗೂ ಅದರ ಪ್ರತಿಷ್ಠಾಪನೆಯ ದಿನ ಕಾಣುವ ಭಾಗ್ಯ ದೊರೆಯಲಿಲ್ಲ. ಆ ಶಿಲ್ಪಿಯ ಹೆಸರು ಬಾಲ್ದಸ್ಸಾರೆ ಲೊಂಗೇನಾ. ಅವರ ಬಾಳಿನ ಕಥೆಯೇ ಈ ದೇವಾಲಯದ ಕಥೆ.

ಕಲ್ಲುಕುಟಿಗನ ಮಗ

ಲೊಂಗೇನಾ ಅವರು 1598ರಲ್ಲಿ ವೆನಿಸಿನಲ್ಲಿ ಹುಟ್ಟಿದರು. ತಂದೆ ಮೆಲ್ಕಿಸೆದೆಕ್ ಕಲ್ಲುಕೆತ್ತನೆಯ ಕಸುಬಿನವರು. ಬೈಬಲ್ ಓದುವವರಿಗೆ ಈ ಹೆಸರು ಪರಿಚಿತವೇ: ಅಬ್ರಹಾಮನನ್ನು ಆಶೀರ್ವದಿಸಿದ ಯಾಜಕ ಅರಸನ ಹೆಸರು ಅದು. ಮಗ ಬಾಲ್ಯದಲ್ಲೇ ಉಳಿ ಸುತ್ತಿಗೆಗಳ ಸದ್ದಿನ ನಡುವೆ ಬೆಳೆದ. ಕಲ್ಲಿನ ಗುಣ, ಅದರ ಭಾರ, ಅದು ಎಲ್ಲಿ ಒಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಪುಸ್ತಕ ನೋಡುವ ಮೊದಲೇ ಕೈಯಿಂದ ಕಲಿತ. ಆ ಕಾಲದ ಹೆಸರಾಂತ ವಾಸ್ತುಶಿಲ್ಪಿ ವಿನ್ಚೆಂತ್ಸೊ ಸ್ಕಾಮೊತ್ಸಿಯವರ ಬಳಿ ಅವರು ಶಿಷ್ಯವೃತ್ತಿ ಮಾಡಿದರೆಂಬುದು ಪರಂಪರೆಯಿಂದ ಬಂದ ಹೇಳಿಕೆ.

ವೆನಿಸಿನ ದಕ್ಷಿಣಕ್ಕೆ ಕಿಯೊಜ್ಜಾ ಎಂಬ ಮೀನುಗಾರರ ಪಟ್ಟಣವಿದೆ. ಅಲ್ಲಿನ ಪ್ರಧಾನಾಲಯ 1623ರಲ್ಲಿ ಬೆಂಕಿಗೆ ಆಹುತಿಯಾಯಿತು. ಅದನ್ನು ಮತ್ತೆ ಕಟ್ಟುವ ಹೊಣೆ ಮರುವರ್ಷ ಇಪ್ಪತ್ತಾರರ ಹರೆಯದ ಲೊಂಗೇನಾ ಅವರಿಗೆ ಬಂತು. ದೇವಾಲಯ ಕಟ್ಟುವ ವಿದ್ಯೆಯನ್ನು ಅವರು ಕಲಿತದ್ದು ಹೀಗೆ, ಸುಟ್ಟ ಗೋಡೆಗಳ ನಡುವೆ ನಿಂತು.

ಅವರ ಸ್ವಭಾವದ ಬಗ್ಗೆ ನಂತರದ ಕಾಲದ ಲೇಖಕರು ಒಂದೆರಡು ಮಾತು ಬರೆದಿಟ್ಟಿದ್ದಾರೆ. ಕುಳ್ಳಗಿನ ಆಳು. ಯಾವಾಗಲೂ ಕಪ್ಪು ಉಡುಪು. ಮಾತು ಬಹಳ ಮೃದು. ತಾವು ಮಾಡುತ್ತಿದ್ದ ಕೆಲಸದ ಬಗ್ಗೆ ಎದುರಿಗೆ ಸಿಕ್ಕವರನ್ನೆಲ್ಲ, ಅವರು ಯಾರೇ ಆಗಿರಲಿ, ಹೇಗಿದೆ ಎಂದು ಕೇಳುತ್ತಿದ್ದರಂತೆ. ಇಷ್ಟು ದೊಡ್ಡ ಕೆಲಸ ಮಾಡಿದವರಲ್ಲಿ ಇಂತಹ ವಿನಯ ಅಪರೂಪವೇ ಸರಿ.

ನೀರಿನ ಮೇಲಿನ ನಗರ, ಹಡಗಿನಲ್ಲಿ ಬರುವ ರೋಗ

ವೆನಿಸ್ ಆಗ ಸ್ವತಂತ್ರ ಗಣರಾಜ್ಯ. ಅದರ ಮುಖ್ಯಸ್ಥರಿಗೆ ‘ದೋಜೆ’ ಎಂಬ ಬಿರುದು. ಧರ್ಮಾಧ್ಯಕ್ಷರಿಗೆ ‘ಪೇಟ್ರಿಯಾರ್ಕ್’ ಎಂಬ ಗೌರವದ ಹೆಸರು. ಅದು ಇಂದಿಗೂ ಉಳಿದಿದೆ. ಪೂರ್ವದೇಶಗಳ ಮೆಣಸು, ರೇಷ್ಮೆ, ಸಾಂಬಾರ ಪದಾರ್ಥಗಳು ಅದರ ಬಂದರಿಗೆ ಬಂದು ಯುರೋಪಿಗೆಲ್ಲ ಹರಡುತ್ತಿದ್ದವು. ಸರಕಿನ ಜೊತೆಗೆ ರೋಗವೂ ಬರುತ್ತಿತ್ತು.

ಇದನ್ನು ಅರಿತ ವೆನಿಸಿನವರು 1423ರಲ್ಲೇ ಒಂದು ದ್ವೀಪದಲ್ಲಿ ಪ್ಲೇಗ್ ಪೀಡಿತರಿಗಾಗಿ ಆಸ್ಪತ್ರೆ ತೆರೆದರು. ಆ ದ್ವೀಪದಲ್ಲಿ ನಜರೇತಿನ ಮಾತೆ ಮರಿಯಮ್ಮನವರಿಗೆ ಅರ್ಪಿತವಾದ ಇಗರ್ಜಿಯಿತ್ತು. ನಜರೇತ್ ಎಂಬ ಹೆಸರು ಜನರ ಬಾಯಲ್ಲಿ, ಹುಣ್ಣುಗಳಿಂದ ನರಳಿದ ಲಾಜರನ ಹೆಸರಿನ ಜೊತೆ ಬೆರೆತು, ‘ಲಾತ್ಸರೆತ್ತೊ’ ಎಂದಾಯಿತು ಎನ್ನುತ್ತಾರೆ. ಸಾಂಕ್ರಾಮಿಕ ರೋಗಿಗಳ ಆಸ್ಪತ್ರೆಗಳಿಗೆ ಯುರೋಪಿನಾದ್ಯಂತ ಅದೇ ಹೆಸರು ನಿಂತಿತು. ಮುಂದೆ 1468ರಲ್ಲಿ ಇನ್ನೊಂದು ದ್ವೀಪದಲ್ಲಿ, ಹೊರಗಿನಿಂದ ಬಂದ ಹಡಗು, ಸರಕು ಮತ್ತು ಜನರನ್ನು ತಡೆದು ನಿಲ್ಲಿಸುವ ಏರ್ಪಾಡಾಯಿತು. ತಡೆಯುವ ಅವಧಿ ನಲವತ್ತು ದಿನ. ನಲವತ್ತಕ್ಕೆ ಅವರ ಭಾಷೆಯಲ್ಲಿ ‘ಕ್ವಾರಂತಾ’. 2020ರಲ್ಲಿ ನಮ್ಮ ಹಳ್ಳಿ ಹಳ್ಳಿಗಳಲ್ಲಿ ಕೇಳಿಬಂದ ಕ್ವಾರಂಟೈನ್ ಎಂಬ ಪದದ ತವರುಮನೆ ಇದೇ.

ಇಷ್ಟೆಲ್ಲ ಎಚ್ಚರಿಕೆಯ ನಡುವೆಯೂ 1575ರಿಂದ 1577ರವರೆಗೆ ಪ್ಲೇಗ್ ಆ ನಗರವನ್ನು ಹಿಂಡಿತು. ಮಹಾ ಚಿತ್ರಕಾರ ತಿಶಿಯನ್ ತೀರಿಕೊಂಡದ್ದು 1576ರಲ್ಲಿ, ಅದೇ ಸಂಕಟದ ನಡುವೆ. ಆಗ ಸೆನೆಟ್ ವಿಮೋಚಕ ಕ್ರಿಸ್ತರಿಗೆ ದೇವಾಲಯ ಕಟ್ಟುವ ಹರಕೆ ಹೊತ್ತಿತು. ಪಲ್ಲಾದಿಯೊ ಎಂಬ ಶಿಲ್ಪಿ ರೂಪಿಸಿದ ‘ರೆದೆಂತೋರೆ’ ದೇವಾಲಯ ಹಾಗೆ ಹುಟ್ಟಿತು. ಲೊಂಗೇನಾ ಬಾಲಕನಾಗಿದ್ದಾಗ ಪ್ರತಿವರ್ಷ ಜುಲೈ ತಿಂಗಳಲ್ಲಿ ದೋಣಿಗಳ ಸೇತುವೆ ದಾಟಿ ಆ ದೇವಾಲಯಕ್ಕೆ ಮೆರವಣಿಗೆ ಹೋಗುತ್ತಿತ್ತು. ಹರಕೆಯ ದೇವಾಲಯ ಎಂದರೇನು ಎಂಬುದು ಆ ಊರಿನ ಮಕ್ಕಳಿಗೆ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ.

1630ರ ಮಹಾಮಾರಿ

ಉತ್ತರ ಇಟಲಿಯ ಮಾಂತುವಾ ಸಂಸ್ಥಾನದ ಹಕ್ಕಿಗಾಗಿ ಆಗ ಯುದ್ಧ ನಡೆದಿತ್ತು. ಸೈನ್ಯಗಳು ಹೋದಲ್ಲೆಲ್ಲ ಪ್ಲೇಗ್ ಹಿಂಬಾಲಿಸಿತು. 1630ರ ಜೂನ್ ತಿಂಗಳಲ್ಲಿ ಮಾಂತುವಾದ ಒಬ್ಬ ರಾಯಭಾರಿ ವೆನಿಸಿಗೆ ಬಂದರು. ನಿಯಮದಂತೆ ಅವರನ್ನು ನಗರದ ಒಳಗೆ ಬಿಡದೆ ಸಾನ್ ಕ್ಲೆಮೆಂತೆ ಎಂಬ ದ್ವೀಪದಲ್ಲಿ ಇರಿಸಲಾಯಿತು. ಅವರ ಬಿಡಾರ ಸಜ್ಜುಗೊಳಿಸಲು ನಗರದಿಂದ ಒಬ್ಬ ಬಡಗಿ ಅಲ್ಲಿಗೆ ಹೋಗಿ ಬರುತ್ತಿದ್ದ. ರಾಯಭಾರಿಗೆ ತಟ್ಟಿದ್ದ ರೋಗ ಆ ಬಡಗಿಯ ಮೂಲಕ ಸಾಂತಾ ಅಞ್ಞೇಸೆ ಧರ್ಮಕೇಂದ್ರದ ಓಣಿಗಳಿಗೆ ಇಳಿಯಿತು ಎಂದು ಅಂದಿನ ವೃತ್ತಾಂತಗಳು ಹೇಳುತ್ತವೆ. ದೊಡ್ಡವರಿಗೆ ಅನುಕೂಲ ಮಾಡಿಕೊಡಲು ಹೋದ ಕೂಲಿಕಾರನೇ ಮೊದಲು ಬಲಿಯಾದದ್ದು, ಇಂತಹ ಕಾಲಗಳಲ್ಲಿ ಎಲ್ಲೆಡೆ ಕಾಣುವ ಸಂಗತಿ.

ಆಗ ವೆನಿಸಿನ ಜನಸಂಖ್ಯೆ ಸುಮಾರು 1,40,000. ಮುಂದಿನ ಹದಿನೈದು ಹದಿನಾರು ತಿಂಗಳಲ್ಲಿ ಸತ್ತವರು 46,000ಕ್ಕೂ ಹೆಚ್ಚು. ಮೂವರಲ್ಲಿ ಒಬ್ಬರು ಎಂದರೆ ತಪ್ಪಾಗದು. ನಮ್ಮ ಒಂದು ವಾಳೆಯಲ್ಲಿ ಮೂವತ್ತು ಮನೆಗಳಿವೆ ಎಂದುಕೊಂಡರೆ, ಹತ್ತು ಮನೆಗಳಷ್ಟು ಜನ ಒಂದೂವರೆ ವರ್ಷದೊಳಗೆ ಇಲ್ಲವಾದಂತೆ.

ಪೇಟ್ರಿಯಾರ್ಕ್ ಜೊವಾನ್ನಿ ತಿಯೆಪೊಲೊ ಅವರು ಸೆಪ್ಟೆಂಬರ್ ಕೊನೆಯಲ್ಲಿ ಸಾರ್ವಜನಿಕ ಪ್ರಾರ್ಥನೆಗಳಿಗೆ ಕರೆ ಕೊಟ್ಟರು. ಆದರೂ ಸಾವು ನಿಲ್ಲಲಿಲ್ಲ. 1630ರ ಅಕ್ಟೋಬರ್ 22ರಂದು ಸೆನೆಟ್ ಸಭೆ ಸೇರಿ ನಿರ್ಣಯ ಮಾಡಿತು. ಕನ್ಯಾ ಮರಿಯಮ್ಮನವರಿಗೆ ಆರೋಗ್ಯ ಮಾತೆ ಎಂಬ ಹೆಸರಿನಲ್ಲಿ ಒಂದು ದೇವಾಲಯ ಕಟ್ಟುವುದು, ಪ್ರತಿವರ್ಷ ದೋಜೆ ಮತ್ತು ಸೆನೆಟ್ ಅಲ್ಲಿಗೆ ಹೋಗಿ ಕೃತಜ್ಞತೆ ಸಲ್ಲಿಸುವುದು, ಇದು ಹರಕೆ. ನಾಲ್ಕು ದಿನಗಳ ನಂತರ ದೋಜೆ ನಿಕೊಲೊ ಕೊಂತಾರಿನಿ ಸಂತ ಮಾರ್ಕರ ದೇವಾಲಯದಲ್ಲಿ ಜನರ ಮುಂದೆ ಅದನ್ನು ಘೋಷಿಸಿದರು. ದೇವಾಲಯಕ್ಕೆ 50,000 ಡುಕಾಟುಗಳನ್ನು ಗೊತ್ತುಪಡಿಸಲಾಯಿತು. ಹದಿನೈದು ಶನಿವಾರಗಳ ಕಾಲ ಮಾತೆಯ ಚಿತ್ರಪಟದೊಂದಿಗೆ ಮೆರವಣಿಗೆ ಮಾಡುವುದೆಂದೂ ತೀರ್ಮಾನವಾಯಿತು.

ಸಲೂತೆ ಎಂಬ ಪದವನ್ನು ಇಲ್ಲಿ ಗಮನಿಸಬೇಕು. ಇಟಾಲಿಯನ್ ಭಾಷೆಯಲ್ಲಿ ಅದಕ್ಕೆ ಆರೋಗ್ಯ ಎಂದರ್ಥ. ಅದರ ಮೂಲವಾದ ಲತೀನ್ ಪದಕ್ಕೆ ಆರೋಗ್ಯ ಎಂಬ ಅರ್ಥವೂ ಇದೆ, ರಕ್ಷಣೆ ಎಂಬ ಅರ್ಥವೂ ಇದೆ. ಶರೀರದ ಸ್ವಸ್ಥತೆ ಮತ್ತು ಆತ್ಮದ ಉದ್ಧಾರ ಒಂದೇ ಮಾತಿನಲ್ಲಿ ಸೇರಿಕೊಂಡಿವೆ. ವೆನಿಸಿನ ಜನರು ಮಾತೆಯ ಬಳಿ ಬೇಡಿದ್ದು ಎರಡನ್ನೂ.

ಹರಕೆಯ ನಂತರ ಏನಾಯಿತು?

ಪ್ರಿಯ ಓದುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಪವಾಡಗಳ ಕಥೆಗಳನ್ನು ಕೇಳಿ ಬೆಳೆದ ನಾವು, ಹರಕೆ ಹೊತ್ತ ಮರುದಿನವೇ ರೋಗ ನಿಂತಿತು ಎಂದು ಕೇಳಲು ಆಶಿಸುತ್ತೇವೆ. ನಡೆದದ್ದು ಹಾಗಲ್ಲ. ಹರಕೆಯ ನಂತರ ಬಂದ ನವೆಂಬರ್ ತಿಂಗಳೇ ಇಡೀ ಮಹಾಮಾರಿಯ ಅತಿ ಭೀಕರ ತಿಂಗಳು. ಸಾವಿರ ಸಾವಿರ ಹೆಣಗಳು ದೋಣಿಗಳಲ್ಲಿ ಸಾಗಿದವು. ಆರೋಗ್ಯ ಮಾತೆಗೆ ಮಾತು ಕೊಟ್ಟ ಜನ ತಮ್ಮ ಮಕ್ಕಳನ್ನು ಮಣ್ಣು ಮಾಡುತ್ತಿದ್ದರು.

ವ್ಯಾಪಾರವೇ ಉಸಿರಾಗಿದ್ದ ಆ ನಗರ ಆಗ ಒಪ್ಪಂದ ಮುರಿಯಬಹುದಿತ್ತು. ಸರಕು ತಲುಪಲಿಲ್ಲ, ಆದ್ದರಿಂದ ಹಣ ಕೊಡುವುದಿಲ್ಲ ಎನ್ನಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ನಗರದ ಮುಖದ್ವಾರದಂತಿದ್ದ ಸುಂಕದ ಕಟ್ಟೆಯ ಬಳಿ, ಮಹಾಕಾಲುವೆ ಸಮುದ್ರ ಸೇರುವಲ್ಲಿ ಜಾಗ ಆರಿಸಿದರು. ಅಲ್ಲಿದ್ದ ಪವಿತ್ರ ತ್ರಿತ್ವದ ಹಳೆಯ ಇಗರ್ಜಿಯನ್ನು ಕೆಡವಿದರು. ಮಾತೆಗೆ ಮಂಗಳವಾರ್ತೆ ಬಂದ ಹಬ್ಬದಂದು, ಅಂದರೆ 1631ರ ಮಾರ್ಚ್ 25ರಂದು, ಅಡಿಗಲ್ಲು ಇಡುವ ಆಲೋಚನೆಯಿತ್ತು. ದೋಜೆಯವರ ಆರೋಗ್ಯ ಕೆಟ್ಟಿದ್ದರಿಂದ ಅದು ಏಪ್ರಿಲ್ 1ಕ್ಕೆ ಮುಂದೂಡಲ್ಪಟ್ಟಿತು. ಆ ದಿನ ಅಡಿಗಲ್ಲು ಇಟ್ಟರು. ಮರುದಿನವೇ ದೋಜೆ ಕೊಂತಾರಿನಿ ನಿಧನರಾದರು. ಮೇ 7ರಂದು ಪೇಟ್ರಿಯಾರ್ಕ್ ತಿಯೆಪೊಲೊ ಅವರೂ ಕಣ್ಣುಮುಚ್ಚಿದರು. ಹರಕೆಯ ಇಬ್ಬರು ಹಿರಿಯರೂ ಇಲ್ಲವಾದರು. ದೇವಾಲಯದ ನಕ್ಷೆ ಕೂಡ ಇನ್ನೂ ನಿರ್ಧಾರವಾಗಿರಲಿಲ್ಲ.

ಮಾತೆಗೆ ಒಂದು ಕಿರೀಟ

ನಕ್ಷೆಗಾಗಿ ಸ್ಪರ್ಧೆ ಏರ್ಪಟ್ಟಿತ್ತು. ಹನ್ನೊಂದು ನಕ್ಷೆಗಳು ಬಂದವು. ಕೊನೆಗೆ ಉಳಿದದ್ದು ಎರಡು. ಒಂದು, ಹಿರಿಯ ಶಿಲ್ಪಿಗಳು ರೂಪಿಸಿದ, ರೂಢಿಯಂತೆ ಉದ್ದವಾಗಿದ್ದ ದೇವಾಲಯ. ಇನ್ನೊಂದು ಲೊಂಗೇನಾ ಅವರದ್ದು. ಅವರ ವಯಸ್ಸು ಆಗ ಮೂವತ್ತಮೂರು. ಅವರು ಬರೆದದ್ದು ವೃತ್ತಾಕಾರದ ದೇವಾಲಯ: ಎಂಟು ಮುಖಗಳ ದೊಡ್ಡ ಮಂಟಪ, ಅದರ ಸುತ್ತ ನಡೆಯಲು ಹಾದಿ, ಮೇಲೆ ಭಾರಿ ಗುಮ್ಮಟ, ಪೀಠದ ಮೇಲೆ ಇನ್ನೊಂದು ಚಿಕ್ಕ ಗುಮ್ಮಟ. ಈ ರೂಪ ಏಕೆ ಎಂಬುದಕ್ಕೆ ಅವರು ಅಧಿಕಾರಿಗಳಿಗೆ ಬರೆದ ವಿವರಣೆಯ ಸಾರ ಇಷ್ಟು: ದೇವಾಲಯ ಕನ್ಯಾ ಮರಿಯಮ್ಮನವರಿಗೆ ಅರ್ಪಿತವಾಗುವುದರಿಂದ ಅದನ್ನು ಕಿರೀಟದ ಆಕಾರದಲ್ಲಿ ಕಟ್ಟುವುದು ಯೋಗ್ಯ.

ಸ್ವರ್ಗದ ರಾಣಿಗೆ ಕಿರೀಟ. ವಿದ್ವಾಂಸರಿಗೂ ಅರ್ಥವಾಗುವ ಮಾತು, ದೋಣಿ ನಡೆಸುವವನಿಗೂ ಅರ್ಥವಾಗುವ ಮಾತು. 1631ರ ಜೂನ್ ತಿಂಗಳಲ್ಲಿ ಸೆನೆಟ್ ಬಹುಮತದಿಂದ ಅವರ ನಕ್ಷೆಯನ್ನು ಒಪ್ಪಿತು. ಊರಲ್ಲಿ ಪ್ಲೇಗ್ ಇನ್ನೂ ಇತ್ತು. ಅದೇ ವರ್ಷದ ನವೆಂಬರಿನಲ್ಲಿ ನಗರ ರೋಗಮುಕ್ತವಾಯಿತೆಂದು ಸಾರಲಾಯಿತು. ಬದುಕುಳಿದವರು ದೋಣಿಗಳ ಸೇತುವೆ ದಾಟಿ, ಕಟ್ಟಬೇಕಾಗಿದ್ದ ಜಾಗದಲ್ಲಿ ಮರದಿಂದ ಮಾಡಿದ ತಾತ್ಕಾಲಿಕ ಇಗರ್ಜಿಗೆ ಮೆರವಣಿಗೆಯಲ್ಲಿ ಹೋದರು. ರೋಗ ಹೋಯಿತು. ಹರಕೆ ಉಳಿಯಿತು.

ಐವತ್ತು ವರ್ಷಗಳ ದುಡಿಮೆ

ವೆನಿಸಿನ ನೆಲ ಕೆಸರು. ಮೇಲೆ ಏನು ಕಟ್ಟಬೇಕಾದರೂ ಮೊದಲು ಮರದ ಗೂಟಗಳನ್ನು ಒತ್ತೊತ್ತಾಗಿ ಕೆಸರಿನೊಳಗೆ ಹೊಡೆದು ಇಳಿಸಬೇಕು. ಗಾಳಿ ತಾಗದ ಕೆಸರಿನಲ್ಲಿ ಮರ ಬೇಗ ಕೊಳೆಯುವುದಿಲ್ಲ, ನೂರಾರು ವರ್ಷ ಬಾಳುತ್ತದೆ. ಈ ಒಂದು ದೇವಾಲಯದ ಅಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಗೂಟಗಳು ಹೋದವೆಂದು ಅಂದಿನ ಲೆಕ್ಕ. ಹೊರಗೆ ಬಿಳಿ ಕಲ್ಲಿನ ಬೆಡಗು ನೋಡುವವರಿಗೆ ಕಾಣದ ಈ ಕೆಲಸಕ್ಕೇ ವರ್ಷಗಳು ಹಿಡಿದವು. ನಮ್ಮ ಧರ್ಮಕೇಂದ್ರಗಳಲ್ಲಿ ಹೆಸರಿಲ್ಲದೆ ದುಡಿದು ಹೋದ ಗುರಿಕಾರರು, ಉಪದೇಶಿಗಳು, ಧರ್ಮೋಪದೇಶ ಕಲಿಸಿದ ಅಕ್ಕಂದಿರು ನಮಗೆ ನೆನಪಾಗುವುದು ಇಂತಹ ಜಾಗದಲ್ಲೇ.

ಗುಮ್ಮಟದ ಭಾರ ಹಂಚಲು ಲೊಂಗೇನಾ ಅವರು ಒಂದು ಉಪಾಯ ಮಾಡಿದರು. ಗುಮ್ಮಟದ ಬುಡದಲ್ಲಿ ಸುತ್ತಲೂ ಸುರುಳಿ ಸುತ್ತಿದ ಬೃಹತ್ ಕಲ್ಲಿನ ಆಸರೆಗಳನ್ನು ನಿಲ್ಲಿಸಿದರು. ದೂರದಿಂದ ನೋಡಿದರೆ ಅವು ಕಿರೀಟದ ಅಲಂಕಾರದಂತೆ ಕಾಣುತ್ತವೆ. ಗುಮ್ಮಟದ ಹೊರಕವಚವನ್ನು ಹಗುರವಾಗಲೆಂದು ಮರದಿಂದ ಮಾಡಿಸಿ ಸೀಸದ ತಗಡು ಹೊದಿಸಿದರು. ಒಳಗಿನ ನೆಲದಲ್ಲಿ ಬಣ್ಣದ ಕಲ್ಲುಗಳ ವೃತ್ತಗಳು, ನಟ್ಟನಡುವೆ ಗುಲಾಬಿ ಹೂಗಳ ಬಳೆ. ಮರಿಯಮ್ಮನವರನ್ನು ಗುಲಾಬಿಗೆ ಹೋಲಿಸುವ, ಜಪಮಾಲೆಯನ್ನು ಗುಲಾಬಿಯ ಮಾಲೆ ಎನ್ನುವ ಭಕ್ತಿ ನಮಗೂ ಪರಿಚಿತವೇ.

ಕೆಲಸ ವೇಗವಾಗಿ ಸಾಗಲಿಲ್ಲ. 1645ರಲ್ಲಿ ಕ್ರೀಟ್ ದ್ವೀಪಕ್ಕಾಗಿ ತುರ್ಕಿಯರೊಂದಿಗೆ ಯುದ್ಧ ಆರಂಭವಾಗಿ ಇಪ್ಪತ್ತನಾಲ್ಕು ವರ್ಷ ಮುಂದುವರಿಯಿತು. ರಾಜ್ಯದ ಖಜಾನೆ ಅದರಲ್ಲೇ ಕರಗಿತು. ಈ ನಡುವೆ ಲೊಂಗೇನಾ ಬೇರೆ ಕೆಲಸಗಳನ್ನೂ ಕೈಗೆತ್ತಿಕೊಂಡರು. ಸಂತ ಮಾರ್ಕರ ಚೌಕದ ಬದಿಯ ಸರ್ಕಾರಿ ಕಟ್ಟಡಗಳನ್ನು ಮುಗಿಸಿದರು. ಸಾನ್ ಜೋರ್ಜೊ ಮಠಕ್ಕೆ ಸೊಗಸಾದ ಮೆಟ್ಟಿಲುಸಾಲು ಮತ್ತು ಗ್ರಂಥಾಲಯ ಕಟ್ಟಿದರು. ಶ್ರೀಮಂತ ಮನೆತನಗಳಿಗೆ ಅರಮನೆಗಳನ್ನು ರೂಪಿಸಿದರು. ಅನಾಥರಿಗೂ ಬಡರೋಗಿಗಳಿಗೂ ಆಶ್ರಯವಾಗಿದ್ದ ಒಂದು ಆಸ್ಪತ್ರೆಯ ಇಗರ್ಜಿಗೆ ಮುಖಮಂಟಪ ಮಾಡಿಕೊಟ್ಟರು. ಆದರೆ ಕಿರೀಟದಂತಹ ಆ ದೇವಾಲಯವನ್ನು ಬಿಡಲಿಲ್ಲ. ದೋಜೆಗಳು ಬದಲಾದರು, ಪೇಟ್ರಿಯಾರ್ಕರು ಬದಲಾದರು, ಕೂಲಿಯವರ ಎರಡು ತಲೆಮಾರು ಕಳೆಯಿತು. ಶಿಲ್ಪಿ ಅವರೇ ಉಳಿದರು.

ದೇವಾಲಯದ ಸೇವೆಯನ್ನು ಸೊಮಾಸ್ಕ ಸಭೆಯ ಗುರುಗಳಿಗೆ ವಹಿಸಲಾಯಿತು. ಈ ಸಭೆಯ ಸ್ಥಾಪಕ ಸಂತ ಜೆರೋಮ್ ಎಮಿಲಿಯಾನಿ ವೆನಿಸಿನ ಮಗ. ಅನಾಥ ಮಕ್ಕಳನ್ನು ಸಾಕಿದವರು. 1537ರಲ್ಲಿ ಸಾಂಕ್ರಾಮಿಕ ರೋಗಿಗಳ ಸೇವೆ ಮಾಡುತ್ತಾ ಅದೇ ರೋಗ ತಗುಲಿ ಪ್ರಾಣ ಬಿಟ್ಟವರು. ಆರೋಗ್ಯ ಮಾತೆಯ ಮನೆಗೆ ಇವರಿಗಿಂತ ತಕ್ಕ ಸೇವಕರು ಸಿಗುತ್ತಿರಲಿಲ್ಲ. ದೇವಾಲಯದ ಪಕ್ಕದಲ್ಲಿ ಅವರ ನಿವಾಸವನ್ನೂ ಲೊಂಗೇನಾ ಅವರೇ ಕಟ್ಟಿದರು. 1817ರಿಂದ ಆ ಕಟ್ಟಡದಲ್ಲಿ ವೆನಿಸಿನ ಗುರುವಿದ್ಯಾಮಂದಿರ ನೆಲೆಸಿತು. ಸೆಮಿನರಿಯ ಗಂಟೆಗೆ ಎದ್ದು ಮಲಗಿದ ನಮಗೆ ಈ ಸಂಗತಿ ವಿಶೇಷವಾಗಿ ಹಿಡಿಸುತ್ತದೆ.

ಪೀಠದ ಮೇಲಿನ ಕಥೆ

ಪ್ರಧಾನ ಪೀಠದ ನಕ್ಷೆಯೂ ಲೊಂಗೇನಾ ಅವರದ್ದೇ. ಅದರ ಪ್ರತಿಮೆಗಳನ್ನು ಕೆತ್ತಿದವರು ಫ್ಲಾಂಡರ್ಸ್ ನಾಡಿನಿಂದ ಬಂದ ಜುಸ್ತೊ ಲೆ ಕೋರ್ಟ್ ಎಂಬ ಶಿಲ್ಪಿ. ನಡುವೆ ಬಾಲಯೇಸುವನ್ನು ಎತ್ತಿಕೊಂಡ ಮಾತೆ. ಒಂದು ಬದಿಯಲ್ಲಿ ಮೊಣಕಾಲೂರಿ ಬೇಡುತ್ತಿರುವ ಮಹಿಳೆ; ಆಕೆ ವೆನಿಸ್ ನಗರದ ರೂಪ. ಇನ್ನೊಂದು ಬದಿಯಲ್ಲಿ ವಿಕಾರ ರೂಪದ ಮುದುಕಿಯೊಬ್ಬಳು ಓಡುತ್ತಿದ್ದಾಳೆ; ಅವಳು ಪ್ಲೇಗ್. ಉರಿಯುವ ಪಂಜು ಹಿಡಿದ ಪುಟ್ಟ ದೇವದೂತ ಅವಳನ್ನು ಅಟ್ಟುತ್ತಿದ್ದಾನೆ. ಓದು ಬಾರದ ಅಜ್ಜಿಯೂ ಈ ಕಥೆಯನ್ನು ಒಂದು ನೋಟದಲ್ಲಿ ಓದಿಕೊಳ್ಳಬಲ್ಲಳು.

ಪ್ರತಿಮೆಗಳ ಕೆಳಗೆ ಮಾತೆಯ ಒಂದು ಹಳೆಯ ಚಿತ್ರಪಟವಿದೆ. ಕಪ್ಪು ಛಾಯೆಯ ಮುಖ, ಗ್ರೀಕ್ ಶೈಲಿ. ಅದರ ಹೆಸರು ‘ಮೆಸೊಪಾಂದಿತಿಸ್ಸಾ’, ಅಂದರೆ ಶಾಂತಿಯ ಮಧ್ಯಸ್ಥೆ. ಕ್ರೀಟ್ ದ್ವೀಪದ ಕಾಂದಿಯಾ ನಗರದಲ್ಲಿ ಅದು ಶತಮಾನಗಳಿಂದ ಪೂಜೆಗೊಂಡಿತ್ತು. ಇಪ್ಪತ್ತೊಂದು ವರ್ಷಗಳ ಮುತ್ತಿಗೆಯ ನಂತರ 1669ರಲ್ಲಿ ಕಾಂದಿಯಾ ಕೈಬಿಟ್ಟಾಗ, ಸೇನಾಪತಿ ಫ್ರಾಂಚೆಸ್ಕೊ ಮೊರೊಸಿನಿ ಸೋತ ಸೈನ್ಯದೊಂದಿಗೆ ಈ ಚಿತ್ರಪಟವನ್ನೂ ಹಡಗೇರಿಸಿ ತಂದರು. 1670ರ ನವೆಂಬರ್ 21ರಂದು, ಮಾತೆಯನ್ನು ದೇವಾಲಯದಲ್ಲಿ ಅರ್ಪಿಸಿದ ಹಬ್ಬದ ದಿನ, ಅದನ್ನು ಇಲ್ಲಿ ಪ್ರತಿಷ್ಠಾಪಿಸಲಾಯಿತು. ಪ್ಲೇಗಿನಿಂದ ಬಿಡುಗಡೆಯಾದ ಕೃತಜ್ಞತೆಗೆಂದು ಕಟ್ಟಿದ ಮನೆಗೆ ಮಾತೆ ಬಂದದ್ದು ನಿರಾಶ್ರಿತಳಂತೆ, ಸೋತವರ ಹಡಗಿನಲ್ಲಿ.

ಮುಗಿಯದ ಮುನ್ನ

1682ರ ಫೆಬ್ರವರಿ 18ರಂದು ಬಾಲ್ದಸ್ಸಾರೆ ಲೊಂಗೇನಾ ತೀರಿಕೊಂಡರು. ಎಂಬತ್ತು ದಾಟಿದ ವಯಸ್ಸು. ಮೂವತ್ತಮೂರರಲ್ಲಿ ಕೈಗೆತ್ತಿಕೊಂಡ ದೇವಾಲಯ ಹೆಚ್ಚುಕಡಿಮೆ ಪೂರ್ಣವಾಗಿ ಕಣ್ಣ ಮುಂದೆ ನಿಂತಿತ್ತು, ಆದರೆ ಪವಿತ್ರೀಕರಣ ಆಗಿರಲಿಲ್ಲ. ಅದು ನಡೆದದ್ದು 1687ರ ನವೆಂಬರ್ 9ರಂದು, ಪೇಟ್ರಿಯಾರ್ಕ್ ಅಲ್ವಿಸೆ ಸಗ್ರೆದೊ ಅವರ ಕೈಯಿಂದ. ಹರಕೆ ಹೊತ್ತು ಐವತ್ತೇಳು ವರ್ಷಗಳಾಗಿದ್ದವು. 1630ರಲ್ಲಿ ಸಂತ ಮಾರ್ಕರ ದೇವಾಲಯದಲ್ಲಿ ನಿಂತು ದೋಜೆಯ ಮಾತು ಕೇಳಿದವರಲ್ಲಿ ಆ ದಿನ ಬದುಕಿದ್ದವರು ಇದ್ದರೆ, ಆಗ ಮಕ್ಕಳಾಗಿದ್ದ ಕೆಲವರು ಮಾತ್ರ.

ಮೋಶೆ ವಾಗ್ದತ್ತ ನಾಡನ್ನು ಬೆಟ್ಟದ ಮೇಲಿನಿಂದ ಕಂಡು ಪ್ರಾಣ ಬಿಟ್ಟ ಕಥೆ ನಮಗೆ ಗೊತ್ತು. ದಾವೀದ ದೇವಾಲಯಕ್ಕೆ ಬೇಕಾದ ಚಿನ್ನ, ಮರ, ಕಲ್ಲು ಕೂಡಿಟ್ಟ. ಕಟ್ಟಿದವನು ಅವನ ಮಗ ಸೊಲೊಮೋನ. ದೇವರ ಕೆಲಸದಲ್ಲಿ ಬಿತ್ತುವವರೇ ಕೊಯ್ಯಬೇಕೆಂಬ ನಿಯಮವಿಲ್ಲ. ಲೊಂಗೇನಾ ಅವರ ಹೆಸರು ಸಂತರ ಪಟ್ಟಿಯಲ್ಲಿಲ್ಲ. ಅವರ ಹಬ್ಬವನ್ನು ಯಾರೂ ಆಚರಿಸುವುದಿಲ್ಲ. ಆದರೂ ಬೇರೆಯವರು ಕೊಟ್ಟ ಮಾತನ್ನು ತಮ್ಮದೇ ಮಾತೆಂದು ತಿಳಿದು ಇಡೀ ಬಾಳನ್ನು ಅದಕ್ಕೆ ಕೊಟ್ಟ ಈ ಕಪ್ಪು ಉಡುಪಿನ ಕುಳ್ಳ ಮನುಷ್ಯನಿಂದ ನಾವು ಕಲಿಯುವುದು ಬಹಳವಿದೆ.

ಇಂದಿಗೂ ನಡೆಯುವ ಹರಕೆ

1797ರಲ್ಲಿ ನೆಪೋಲಿಯನ್ನನ ಸೈನ್ಯದ ಮುಂದೆ ವೆನಿಸ್ ಗಣರಾಜ್ಯ ಅಳಿಯಿತು. ಹರಕೆಯ ಪ್ರಕಾರ ವರ್ಷಕ್ಕೊಮ್ಮೆ ಬರಬೇಕಾಗಿದ್ದ ದೋಜೆ ಇಲ್ಲ, ಸೆನೆಟ್ ಇಲ್ಲ. ಕಾನೂನಿನ ಪ್ರಕಾರ ನೋಡಿದರೆ ಹರಕೆ ಅಲ್ಲಿಗೆ ಮುಗಿಯಿತು. ಜನ ಮುಗಿಸಲಿಲ್ಲ. ಇಂದಿಗೂ ನವೆಂಬರ್ 21 ಆ ನಗರಕ್ಕೆ ರಜೆಯ ದಿನ. ಮಹಾಕಾಲುವೆಯ ಮೇಲೆ ತಾತ್ಕಾಲಿಕ ಸೇತುವೆ ಹಾಕುತ್ತಾರೆ. ಅಜ್ಜ ಅಜ್ಜಿಯರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಅದನ್ನು ದಾಟಿ ಬಂದು ಮೊಂಬತ್ತಿ ಹಚ್ಚುತ್ತಾರೆ. ಮನೆಗೆ ಹೋಗಿ ‘ಕಸ್ತ್ರಾದಿನಾ’ ಎಂಬ ಸಾರು ಉಣ್ಣುತ್ತಾರೆ. ಒಣಗಿಸಿದ ಕುರಿಮಾಂಸ ಮತ್ತು ಕೋಸು ಹಾಕಿ ಬೇಯಿಸಿದ ಅಡುಗೆ ಅದು. ಸಮುದ್ರದಾಚೆಯ ದಾಲ್ಮಾತಿಯಾ ತೀರದವರು ಆ ಮಾಂಸವನ್ನು ವೆನಿಸಿಗೆ ತರುತ್ತಿದ್ದ ನೆನಪು ಅದರಲ್ಲಿದೆ. ಮೊಂತಿ ಹಬ್ಬದ ದಿನ ಹೊಸ ಅಕ್ಕಿಯ ತೆನೆ ಮನೆಗೆ ತಂದು ಒಟ್ಟಿಗೆ ಕೂತು ಉಣ್ಣುವ ನಮಗೆ, ಹಬ್ಬ ಪೀಠದಿಂದ ಅಡುಗೆಮನೆಗೆ ಇಳಿದಾಗಲೇ ತಲೆಮಾರು ದಾಟುತ್ತದೆ ಎಂಬುದು ಅನುಭವದ ಮಾತು.

ವೆನಿಸಿನ ಪೇಟ್ರಿಯಾರ್ಕರಾಗಿದ್ದ ಮೂವರು ಕಳೆದ ಶತಮಾನದಲ್ಲಿ ಜಗದ್ಗುರುಗಳಾದರು: ಸಂತ ಹತ್ತನೆಯ ಪಯಸ್, ಸಂತ ಇಪ್ಪತ್ತಮೂರನೆಯ ಜಾನ್, ಮತ್ತು 2022ರಲ್ಲಿ ಧನ್ಯರೆಂದು ಘೋಷಿತರಾದ ಒಂದನೆಯ ಜಾನ್ ಪೌಲ್. ರೋಮಿಗೆ ಹೋಗುವ ಮೊದಲು ಇವರ ಧರ್ಮಪೀಠವಿದ್ದದ್ದು ಆರೋಗ್ಯ ಮಾತೆಯ ಈ ನಗರದಲ್ಲೇ.

ನಮ್ಮ ಕರಾವಳಿಗೂ ವೆನಿಸಿಗೂ ಒಂದು ನಂಟಿದೆ. 1878ರ ಕೊನೆಯ ದಿನ ಮಂಗಳೂರಿನಲ್ಲಿ ಇಳಿದ ಯೇಸುಸಭೆಯ ಗುರುಗಳ ತಂಡ ಬಂದದ್ದು ಆ ಸಭೆಯ ವೆನಿಸ್ ಪ್ರಾಂತ್ಯದ ಹೊಣೆಯಲ್ಲಿ. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದವರು ಅವರು. ಕೊಂಕಣಿಗೆ ವ್ಯಾಕರಣ, ನಿಘಂಟು ಬರೆದ ಫಾದರ್ ಮಾಫೆಯಿ ಆ ಮಿಷನ್ನಿಗೆ ಸೇರಿದವರು. ಅದೇ ತಂಡದಲ್ಲಿದ್ದ ಜರ್ಮನ್ ಮೂಲದ ಫಾದರ್ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಬಡವರಿಗೆ ಔಷಧಾಲಯ, ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಪ್ಲೇಗ್ ನಮ್ಮ ಊರಿಗೂ ಬಂದಾಗ 1902ರಲ್ಲಿ ಪೀಡಿತರಿಗಾಗಿ ಆಸ್ಪತ್ರೆ ತೆರೆದರು. ಅವರು 1910ರಲ್ಲಿ ಗತಿಸಿದರು. ಅವರು ನೆಟ್ಟದ್ದು ಇಂದು ಎಷ್ಟು ದೊಡ್ಡ ಮರವಾಗಿದೆ ಎಂಬುದನ್ನು ನಾವು ನೋಡುತ್ತಿದ್ದೇವೆ, ಅವರು ನೋಡಲಿಲ್ಲ.

ನಮಗೊಂದು ಪ್ರಶ್ನೆ

ಕೋವಿಡ್ ಕಾಲ ನಮ್ಮ ನೆನಪಿನಿಂದ ಮಾಸಿಲ್ಲ. ದೇವಾಲಯಗಳ ಬಾಗಿಲು ಮುಚ್ಚಿದ್ದವು. ಬಲಿಪೂಜೆಯನ್ನು ಮೊಬೈಲ್ ಪರದೆಯಲ್ಲಿ ನೋಡಿದೆವು. ಸತ್ತವರ ಮುಖ ನೋಡಲಾಗದೆ ಮಣ್ಣು ಕೊಟ್ಟ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲೂ ಇವೆ. ಅಂತಹ ಮನೆಗಳಿಗೆ ಭೇಟಿ ಕೊಟ್ಟಾಗ ಗುರುಗಳಾದ ನಾವು ಎದುರಿಸಿದ ಪ್ರಶ್ನೆ ಒಂದೇ: ಇಷ್ಟು ಪ್ರಾರ್ಥಿಸಿದೆವಲ್ಲ ಫಾದರ್, ಏಕೆ ಹೀಗಾಯಿತು? ಸುಲಭದ ಉತ್ತರ ನಮ್ಮ ಬಳಿ ಇರಲಿಲ್ಲ. ಇಂದೂ ಇಲ್ಲ.

ಆದರೆ 1630ರ ನವೆಂಬರ್ ತಿಂಗಳ ವೆನಿಸನ್ನು ನೆನೆದಾಗ ಒಂದು ಮಾತು ಹೊಳೆಯುತ್ತದೆ. ಹರಕೆ ಹೊತ್ತ ಮೇಲೂ ಮಕ್ಕಳನ್ನು ಕಳೆದುಕೊಂಡ ತಾಯಂದಿರು ಆ ಊರಿನಲ್ಲಿದ್ದರು. ಅವರೂ ಮರುವರ್ಷ ಆ ಮರದ ಇಗರ್ಜಿಗೆ ಮೊಂಬತ್ತಿ ಹಿಡಿದು ನಡೆದವರಲ್ಲಿ ಇದ್ದಿರಬೇಕು. ಶಿಲುಬೆಯ ಬುಡದಲ್ಲಿ ನಿಂತಿದ್ದ ತಾಯಿಯೂ ತನ್ನ ಮಗನನ್ನು ಉಳಿಸಿಕೊಳ್ಳಲಿಲ್ಲ. ಆರೋಗ್ಯ ಮಾತೆ ಎಂದು ನಾವು ಕರೆಯುವುದು ಆ ತಾಯಿಯನ್ನೇ. ಆಕೆ ನಮ್ಮ ದುಃಖವನ್ನು ದೂರದಿಂದ ನೋಡುವವಳಲ್ಲ.

ಹಾಗೆಯೇ ವೆನಿಸಿನವರು ಪ್ರಾರ್ಥನೆ ಮಾಡಿದರೆಂದು ದ್ವೀಪದ ಆಸ್ಪತ್ರೆಗಳನ್ನು ಮುಚ್ಚಲಿಲ್ಲ. ಆಸ್ಪತ್ರೆಗಳಿವೆಯೆಂದು ಪ್ರಾರ್ಥನೆ ಬಿಡಲಿಲ್ಲ. ಎರಡೂ ಒಟ್ಟಿಗೆ ಸಾಗಿದವು. ವೈದ್ಯರ ಮಾತು ಕೇಳುವುದು ವಿಶ್ವಾಸದ ಕೊರತೆಯಲ್ಲ ಎಂಬುದನ್ನು ನಮ್ಮ ಭಕ್ತಾದಿಗಳಿಗೆ ಹೇಳಲು ಈ ಉದಾಹರಣೆ ಸಾಕು.

ಕೊನೆಯದಾಗಿ ಒಂದು ವಿನಂತಿ. ನಿಮ್ಮ ಮನೆಯ ಹಿರಿಯರು ಹೊತ್ತು, ತೀರಿಸದೆ ಹೋದ ಹರಕೆ ಯಾವುದಾದರೂ ಇದೆಯೇ ಎಂದು ವಿಚಾರಿಸಿ ನೋಡಿ. ಅದು ಕಾಣಿಕೆಯ ವಿಷಯವೇ ಆಗಿರಬೇಕೆಂದಿಲ್ಲ. ಅಜ್ಜ ಶುರುಮಾಡಿ ನಿಂತುಹೋದ ಸಂಜೆಯ ಜಪಮಾಲೆ ಇರಬಹುದು. ಅಜ್ಜಿ ನೋಡಿಕೊಳ್ಳುತ್ತಿದ್ದ ನೆರೆಮನೆಯ ರೋಗಿ ಇರಬಹುದು. ವಾಳೆಯ ಹಿರಿಯರು ಕಟ್ಟಬೇಕೆಂದು ಆಸೆಪಟ್ಟ ಪುಟ್ಟ ಪ್ರಾರ್ಥನಾಲಯ ಇರಬಹುದು. ಅವರು ಆರಂಭಿಸಿದ್ದನ್ನು ನಾವು ಮುಂದುವರಿಸೋಣ. ಮುಗಿಯದಿದ್ದರೆ ಚಿಂತೆಯಿಲ್ಲ, ನಮ್ಮ ಮಕ್ಕಳು ಮುಗಿಸಲಿ. ಪ್ರತಿಷ್ಠಾಪನೆಯ ದಿನ ಯಾರು ಇರುತ್ತಾರೆ ಎಂಬುದು ದೇವರಿಗೆ ಬಿಟ್ಟ ವಿಚಾರ.

ಆರೋಗ್ಯ ಮಾತೆಯ ಬಿನ್ನಹದಿಂದ ನಮ್ಮ ಎಲ್ಲ ಕುಟುಂಬಗಳಿಗೆ ದೇಹಕ್ಕೂ ಆತ್ಮಕ್ಕೂ ಸ್ವಾಸ್ಥ್ಯ ದೊರಕಲಿ ಎಂದು ಹಾರೈಸುತ್ತೇವೆ.